ತೂಕದಕ್ಕ

ಅವಳಿಗೆ ಆ ಹೆಸರಿಟ್ಟದ್ದು ಗಲ್ಲಿಯ ಮಕ್ಕಳು. ಹೆಗಲಿಗೆ ತೂಕದ ಯಂತ್ರದ ಚೀಲ, ಕಂಕುಳಲ್ಲಿ ಎತ್ತರ ಅಳೆಯುವ ಹಲಗೆ, ಕುತ್ತಿಗೆಯಲ್ಲಿ ನೇತಾಡುವ ಗುರುತಿನ ಚೀಟಿ. ತಿರುವಿನಲ್ಲಿ ಅವಳು ಕಂಡರೆ ಸಾಕು, "ತೂಕದಕ್ಕ ಬಂದ್ಲು, ತೂಕದಕ್ಕ ಬಂದ್ಲು" ಎಂದು ಅರ್ಧ ಮಕ್ಕಳು ಓಡಿ ಬರುತ್ತಿದ್ದವು, ಉಳಿದರ್ಧ ಮಂಚದ ಕೆಳಗೆ ನುಸುಳುತ್ತಿದ್ದವು. ಹೆಸರು ಹೇಗೋ ನಮ್ಮ ಆಫೀಸಿಗೂ ಬಂತು. ಇಪ್ಪತ್ತೆರಡು ವರ್ಷದ ಹುಡುಗಿ, ಎಂಎಸ್ಸಿ ಕೊನೆಯ ವರ್ಷ. ಓದುತ್ತಲೇ ಮಕ್ಕಳ ಆರೋಗ್ಯದ ಅಧ್ಯಯನವೊಂದಕ್ಕೆ ಸಹಾಯಕಿಯಾಗಿ ಸೇರಿದ್ದಳು. ಅಪ್ಪ ಬಸ್ ಕಂಡಕ್ಟರು. "ನನ್ನ ಮಗಳು ರಿಸರ್ಚ್ ಮಾಡ್ತಾಳೆ" ಎಂದು ಟಿಕೆಟ್ ಹರಿಯುವಾಗ ಗುರುತು ಪರಿಚಯ ಇಲ್ಲದ ಪ್ರಯಾಣಿಕರಿಗೂ ಹೇಳುತ್ತಿದ್ದರಂತೆ. ಅದನ್ನು ನಮಗೆ ಹೇಳುವಾಗ ಅವಳೇ ನಾಚಿಕೊಳ್ಳುತ್ತಿದ್ದಳು.

ನನ್ನನ್ನು ಎಲ್ಲರೂ ಟೈಪಮ್ಮ ಅನ್ನುತ್ತಾರೆ. ಇಪ್ಪತ್ತೇಳು ವರ್ಷದಿಂದ ಕೀಲಿ ಕುಟ್ಟುತ್ತಿದ್ದೇನೆ. ಮೊದಲು ಟೈಪ್‌ರೈಟರು, ಈಗ ಕಂಪ್ಯೂಟರು. ಮಕ್ಕಳ ಆಸ್ಪತ್ರೆಯ ಹಿಂಬದಿಯಲ್ಲಿ ಹಿಂದೆ ಎಕ್ಸ್‌ರೇ ತೆಗೆಯುತ್ತಿದ್ದ ಕೋಣೆಯೇ ನಮ್ಮ ಆಫೀಸು. ಕಿಟಕಿಯ ಗಾಜಿಗೆ ಬಳಿದ ಕಪ್ಪು ಬಣ್ಣವನ್ನು ಇವತ್ತಿಗೂ ಯಾರೂ ಕೆರೆದಿಲ್ಲ, ಹಗಲಲ್ಲೂ ಟ್ಯೂಬ್‌ಲೈಟು. ನನ್ನ ಬಾಯಿ ಜೋರು ಎಂದು ಎಲ್ಲರೂ ಹೇಳುತ್ತಾರೆ, ನಾನೂ ಇಲ್ಲ ಅನ್ನುವುದಿಲ್ಲ. ಬೇಕಾದ ಹೊತ್ತಿನಲ್ಲಿ ಆ ಬಾಯಿ ಎಲ್ಲಿ ಹೋಗಿತ್ತು ಎನ್ನುವುದನ್ನೂ ಇಲ್ಲಿ ಹೇಳಲೇಬೇಕು.

ಅಧ್ಯಯನ ಎಂದರೆ ಇಷ್ಟು. ಒಂದೇ ವರ್ಷದಲ್ಲಿ ಹುಟ್ಟಿದ ನಾನೂರು ಮಕ್ಕಳನ್ನು ಎರಡು ವರ್ಷ ತುಂಬುವವರೆಗೆ ತಿಂಗಳಿಗೊಮ್ಮೆ ಅವರವರ ಮನೆಯಲ್ಲೇ ತೂಗಬೇಕು. ಏನು ತಿಂದಿತು, ಭೇದಿ ಆಯಿತೇ, ಜ್ವರ ಬಂತೇ, ಮನೆಯಲ್ಲಿ ಎರಡು ವಾರಕ್ಕಿಂತ ಹೆಚ್ಚು ಕೆಮ್ಮುವವರು ಇದ್ದಾರೆಯೇ ಎಂದು ಕೇಳಿ ಫಾರಂ ತುಂಬಬೇಕು. ಹೀಗೆ ಅಲೆಯಲು ಎಂಟು ಜನ ವಿದ್ಯಾರ್ಥಿಗಳು, ತಲೆಗೆ ಐವತ್ತು ಮಕ್ಕಳು. ಫಾರಂ ನನ್ನ ಮೇಜಿಗೆ ಬರುತ್ತದೆ, ನಾನು ಕಂಪ್ಯೂಟರಿಗೆ ಹಾಕುತ್ತೇನೆ. ಎರಡು ತಿಂಗಳು ಸತತವಾಗಿ ತೂಕ ಏರದ ಮಗುವಿನ ನಂಬರು ಪರದೆಯ ಮೇಲೆ ಕೆಂಪಾಗುತ್ತದೆ. ಕೆಂಪಾದ ಮಾರನೆಯ ದಿನ ಡಾಕ್ಟರೊಬ್ಬರು ಆ ಮನೆಯ ಬಾಗಿಲು ತಟ್ಟುತ್ತಾರೆ. ಬಡ ತಾಯಂದಿರು ನಮ್ಮನ್ನು ಒಳಗೆ ಬಿಟ್ಟುಕೊಳ್ಳುತ್ತಿದ್ದುದೇ ಆ ಕೆಂಪಿನ ಭರವಸೆಯಿಂದ.

ತೂಗುವುದೆಂದರೆ ಏನು ಮಹಾ ಎಂದು ನಾನೂ ಮೂಗು ಮುರಿದಿದ್ದೆ. ಒಂದು ವರ್ಷದ ಮಗುವಿನ ಬಟ್ಟೆ ಬಿಚ್ಚಿ ಯಂತ್ರದ ಮೇಲೆ ಕೂರಿಸಿ ಮೂರು ಸೆಕೆಂಡು ಅಲುಗಾಡದಂತೆ ಮಾಡಿ ನೋಡಿ, ಆಗ ಗೊತ್ತಾಗುತ್ತದೆ. ಉಳಿದ ಹುಡುಗ ಹುಡುಗಿಯರು ಮಗುವನ್ನು ಅಳಿಸಿ, ತಾಯಿಯನ್ನು ಬೈದು, ಮೈ ಪರಚಿಕೊಂಡು ಬರುತ್ತಿದ್ದರು. ಇವಳದ್ದೇ ಬೇರೆ ದಾರಿ. ಮೊದಲು ತನ್ನ ಚಪ್ಪಲಿ ತೂಗುವಳು, ಆಮೇಲೆ ಮಗುವಿನ ಚಮಚ, ಆಮೇಲೆ ನೀರಿನ ಬಾಟಲಿ; ಪ್ರತಿಯೊಂದಕ್ಕೂ "ಅಬ್ಬಬ್ಬಾ, ಎಷ್ಟು ಭಾರ!" ಎಂದು ಹಣೆ ಹಣೆ ಚಚ್ಚಿಕೊಳ್ಳುವಳು. ಐದು ನಿಮಿಷದಲ್ಲಿ ಮಗುವೇ ತನ್ನ ಸರದಿ ಯಾವಾಗ ಎಂದು ಯಂತ್ರದ ಮೇಲೆ ಹತ್ತಿ ಕೂರುತ್ತಿತ್ತು. ತಿಂಗಳಿಗೆ ಮೂರು ಸಲವಾದರೂ ಯಾರೋ ಒಬ್ಬರು ಅವಳ ಮಡಿಲಲ್ಲಿ ಉಚ್ಚೆ ಹೊಯ್ದಿರುತ್ತಿದ್ದರು. "ಇವತ್ತು ಯಾರ ಪ್ರಸಾದನೇ?" ಎಂದು ನಾನು ರೇಗಿಸುತ್ತಿದ್ದೆ. "ನೂರಾ ಹದಿನೇಳು, ಟೈಪಮ್ಮ. ಬೇಕಂತಲೇ ಮಾಡ್ತಾಳೆ, ಮಾಡಿ ನನ್ ಮುಖ ನೋಡಿ ನಗ್ತಾಳೆ."

ನಮ್ಮಲ್ಲಿ ಮಕ್ಕಳಿಗೆ ಹೆಸರಿಲ್ಲ, ನಂಬರು ಮಾತ್ರ. ಅದು ನಿಯಮ. ಆದರೆ ನೂರಾ ಹದಿನೇಳನ್ನು ಅವಳು ಗುಂಡಮ್ಮ ಎಂದೇ ಕರೆಯುತ್ತಿದ್ದಳು. ಟೈರ್ ರಿಪೇರಿ ಅಂಗಡಿಯ ಮೇಲೆ, ಹೊರಗಿನ ಕಬ್ಬಿಣದ ಮೆಟ್ಟಿಲು ಹತ್ತಿ ಹೋಗುವ ಒಂದೇ ಕೋಣೆಯ ಮನೆ. ತಾಯಿ ದೊಡ್ಡ ಲಾಂಡ್ರಿಯೊಂದರಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಾಳೆ, ತಂದೆ ಗೋಡೆಗಳಿಗೆ ಬಣ್ಣ ಬಳಿಯುತ್ತಾನೆ. ಕೆನ್ನೆ ಎರಡೂ ಹೊರಗೆ ಬಂದ, ಕತ್ತು ಎಲ್ಲಿದೆ ಎಂದು ಹುಡುಕಬೇಕಾದ ಮಗುವಂತೆ. ಟೀ ಕುಡಿಯುವಾಗ ಹೀಗೆಲ್ಲ ಹೇಳುತ್ತಿದ್ದಳು, ನಾನು ಬಿಸ್ಕತ್ತು ಕಡಿಯುತ್ತ ಕೇಳುತ್ತಿದ್ದೆ. ನಾನೂರು ಮಕ್ಕಳಲ್ಲಿ ಒಂದನ್ನೂ ನಾನು ಕಣ್ಣಾರೆ ಕಂಡವಳಲ್ಲ.

ಇನ್ನು ಆ ದರಿದ್ರ ಬೋರ್ಡಿನ ವಿಷಯ. ಆಫೀಸಿನ ಹೊರಗೋಡೆಯ ಮೇಲೆ ದೊಡ್ಡ ಮೇಡಂ ಒಂದು ಬಿಳಿ ಬೋರ್ಡು ಹಾಕಿಸಿದ್ದರು. ದೊಡ್ಡ ಮೇಡಂ ಎಂದರೆ ಆಸ್ಪತ್ರೆಯ ದೊಡ್ಡ ಡಾಕ್ಟರು, ಅಧ್ಯಯನ ಅವರದ್ದೇ. ಯಾವ ಸಹಾಯಕರು ಆ ತಿಂಗಳು ಎಷ್ಟು ಮನೆ ತಪ್ಪಿಸಿದರು ಎಂದು ಬೋರ್ಡಿನ ಮೇಲೆ ಕೆಂಪು ಮಸಿಯಲ್ಲಿ ಬರೆಯುತ್ತಿದ್ದರು. ಮೂರು ಸಲ ಹೋಗಿ ಬಾಗಿಲು ಹಾಕಿದ್ದರೆ 'ಸಿಗಲಿಲ್ಲ' ಎಂದು ಬರೆಯಬಹುದು, ನಿಯಮದಲ್ಲಿ ಅದಕ್ಕೆ ಅವಕಾಶ ಇದೆ. ಆದರೆ ಬರೆದವರ ಕಿವಿ ಎಲ್ಲರೆದುರು ಕೆಂಪಾಗುತ್ತಿತ್ತು. "ನೂರಕ್ಕೆ ಐದಕ್ಕಿಂತ ಹೆಚ್ಚು ಖಾಲಿ ಬಿದ್ರೆ ಇಡೀ ಅಧ್ಯಯನ ಕಸದ ಬುಟ್ಟಿಗೆ. ಪಟ್ಟಿಯಲ್ಲಿ ಖಾಲಿ ಚೌಕ ನನಗೆ ಬೇಡ" ಎನ್ನುತ್ತಿದ್ದರು ಮೇಡಂ. ಓದಿಸಿ ಬೆಳೆಸಬೇಕಾದ ವಯಸ್ಸಿನ ಮಕ್ಕಳನ್ನು ಹೀಗೆ ಬೋರ್ಡಿಗೆ ಏರಿಸಿ ಹೆದರಿಸುವುದು ಯಾವ ಸೀಮೆಯ ವಿಜ್ಞಾನವೋ, ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಗುಂಡಮ್ಮನಿಗೆ ಹದಿಮೂರು ತಿಂಗಳಾದಾಗ ಮನೆಗೆ ಬೀಗ ಬಿದ್ದಿತ್ತು. ತೂಕದಕ್ಕ ಮೂರು ಸಲ ಮೆಟ್ಟಿಲು ಹತ್ತಿ ಇಳಿದಳು. ಕೆಳಗಿನ ಟೈರ್ ಅಂಗಡಿಯವನು, ತಾಯಿ ತವರಿಗೆ ಹೋಗಿದ್ದಾಳೆ, ಅವಳ ಅಮ್ಮನಿಗೆ ಹುಷಾರಿಲ್ಲವಂತೆ, ಕರೆದುಕೊಂಡು ಬರುತ್ತಾಳಂತೆ ಎಂದ. ಅಷ್ಟರಲ್ಲಿ ಬೋರ್ಡಿನ ಮೇಲೆ ತೂಕದಕ್ಕನ ಹೆಸರಿನ ಮುಂದೆ ಆಗಲೇ ಎರಡು ಕೆಂಪು ಗೆರೆ ಬಿದ್ದಿದ್ದವು. ಹಿಂದಿನ ತಿಂಗಳ ತೂಕ 9.08 ಕೇಜಿ. ಚೆನ್ನಾಗಿ ಉಣ್ಣುವ ಮಗು, ತಿಂಗಳಿಗೆ ನೂರೈವತ್ತು ಗ್ರಾಂ ಹತ್ತಿರ ಏರುತ್ತಿತ್ತು. ಬಸ್ಸಿನಲ್ಲಿ ಕೂತು 9.22 ಎಂದು ಬರೆದಳು. ಕೆಮ್ಮುವವರು ಇದ್ದಾರೆಯೇ ಎಂಬಲ್ಲಿ ಹಿಂದಿನಂತೆ 'ಇಲ್ಲ'. ಮುಂದಿನ ತಿಂಗಳು ನಿಜವಾದ ತೂಕ ಬರುತ್ತದೆ, ಆಗ ಸರಿಹೋಗುತ್ತದೆ ಎಂದುಕೊಂಡಳಂತೆ. ನನಗೆ ಅದು ಆಗ ಗೊತ್ತಿರಲಿಲ್ಲ, ನಾನು ಸುಮ್ಮನೆ ಟೈಪಿಸಿದೆ.

ಮುಂದಿನ ತಿಂಗಳು ಅವಳ ಪರೀಕ್ಷೆ. ಕಣ್ಣು ಕೆಂಪಗೆ ಮಾಡಿಕೊಂಡು ಬಂದು, ಫಾರಂ ಕಟ್ಟನ್ನು ನನ್ನ ಮೇಜಿನ ಮೇಲೆ ಹಾಕಿ ಓಡಿಹೋದಳು. ನಾನು ಒಂದೊಂದಾಗಿ ಹಾಕುತ್ತ ಬಂದೆ. ನೂರಾ ಹದಿನೇಳು, ತೂಕ 9.35. ಕಂಪ್ಯೂಟರು ಟಣ್ ಎಂದು ಬೇಡ ಎಂದಿತು.

ಯಾಕೆಂದು ಹೇಳುತ್ತೇನೆ. ನಮ್ಮ ತೂಕದ ಯಂತ್ರ ಇಪ್ಪತ್ತಿಪ್ಪತ್ತು ಗ್ರಾಂ ಹೆಜ್ಜೆ ಹಾಕುವ ಯಂತ್ರ. 9.32 ಆದಮೇಲೆ 9.34, ಅದಾದಮೇಲೆ 9.36. ಕೊನೆಯ ಅಂಕಿ ಯಾವಾಗಲೂ ಸಮಸಂಖ್ಯೆಯೇ. ಬೆಸ ಅಂಕಿ ತೋರಿಸುವುದು ಆ ಯಂತ್ರದ ಹಣೆಯಲ್ಲಿ ಬರೆದೇ ಇಲ್ಲ. 9.35 ಎಂದು ಬರೆದಿದ್ದಾಳೆ ಎಂದರೆ ಅದು ಯಂತ್ರದಿಂದ ಬಂದದ್ದಲ್ಲ, ತಲೆಯಿಂದ ಬಂದದ್ದು. ಇಪ್ಪತ್ತೇಳು ವರ್ಷ ಅಂಕಿ ನೋಡಿದವಳಿಗೆ ಅಷ್ಟು ತಿಳಿಯುವುದಿಲ್ಲವೇ? ತಿಳಿಯಿತು. ಆ ಕ್ಷಣವೇ ತಿಳಿಯಿತು. ಫಾರಂ ವಾಪಸು ಕಳಿಸುವುದು ನನ್ನ ಕೆಲಸ. ಕಳಿಸಿದರೆ ಮೇಡಂ ಕೇಳುತ್ತಾರೆ, ಹುಡುಗಿಗೆ ನಾಳೆ ಪರೀಕ್ಷೆ, ಪಾಪ. ಒಳ್ಳೆಯ ಹುಡುಗಿ, ಒಂದು ಸಲ ತಪ್ಪಿಸಿದರೆ ಏನು ಮುಳುಗಿಹೋಗುತ್ತದೆ ಎಂದು ಐದನ್ನು ಅಳಿಸಿ ಆರು ಹಾಕಿದೆ. 9.36. ಕಂಪ್ಯೂಟರು ತೆಪ್ಪಗಾಯಿತು. ನನಗೆ ಅವಳ ಮೇಲೆ ಮಮತೆ ಇತ್ತು, ಅದಕ್ಕೇ ಮಾಡಿದೆ ಎಂದು ಹೇಳಿಕೊಳ್ಳಬಹುದು. ಊಟದ ಹೊತ್ತಾಗಿತ್ತು, ಅದೂ ಒಂದು ಕಾರಣ.

ಹದಿನಾರು ದಿನ ಕಳೆದು ಒಂದು ಸೋಮವಾರ ವಾರ್ಡಿನಿಂದ ಫೋನು ಬಂತು. ನಿಮ್ಮ ಅಧ್ಯಯನದ ಮಗುವೊಂದು ಸೇರಿದೆ, ನೂರಾ ಹದಿನೇಳು, ಅದರ ತೂಕದ ಚಾರ್ಟು ಕಳಿಸಿ ಎಂದರು. ಚಾರ್ಟು ಮುದ್ರಿಸಿದವಳು ನಾನೇ. ಹುಟ್ಟಿದ ದಿನದಿಂದ ಹದಿನಾಲ್ಕನೇ ತಿಂಗಳವರೆಗೆ ಗೆರೆ ಎಲ್ಲೂ ತಗ್ಗದೆ ಮೇಲೇರಿತ್ತು. ಕೊನೆಯ ಚುಕ್ಕೆ 9.36. ಆ ಆರು ನಾನು ಹಾಕಿದ್ದು. ಆದರೂ ಕಾಗದವನ್ನು ಮಡಚಿ ಕವರಿಗೆ ಹಾಕಿ ಕಳಿಸಿದೆ.

ವಾರ್ಡಿನ ನರ್ಸು ನನಗೆ ಹಳೆಯ ಗೆಳತಿ. ಅಲ್ಲಿ ನಡೆದದ್ದನ್ನು ಅವಳೇ ಹೇಳಿದಳು. ಮಗು ಕಣ್ಣು ಬಿಡುತ್ತಿಲ್ಲ, ವಾಂತಿ, ಕುತ್ತಿಗೆ ಸೆಟೆದಿದೆ. ತೂಕ 7.90. ತಾಯಿ ಒಂದೇ ಸಮನೆ ಹೇಳುತ್ತಿದ್ದಾಳೆ, ಎರಡು ತಿಂಗಳಿಂದ ಸರಿಯಾಗಿ ತಿನ್ನುತ್ತಿಲ್ಲ, ಸಂಜೆಯಾದರೆ ಮೈ ಬೆಚ್ಚಗಾಗುತ್ತದೆ, ದಿನದಿನಕ್ಕೆ ಸೊರಗುತ್ತಿದ್ದಾಳೆ, ನಮ್ಮಮ್ಮ ಬಂದಿದ್ದಳು, ಅವಳಿಗೆ ಕೆಮ್ಮಿತ್ತು ಎಂದು. ವಾರ್ಡಿನ ಕಿರಿ ಡಾಕ್ಟರ ಕೈಯಲ್ಲಿ ನಾನು ಕಳಿಸಿದ ಚಾರ್ಟು.

"ಎರಡು ತಿಂಗಳಿಂದ ಅಂತೀರಿ, ಇಲ್ಲಿ ನೋಡಿ, ಹದಿನಾರು ದಿನದ ಹಿಂದೆ ಒಂಬತ್ತೂ ಕಾಲು ಕೇಜಿ ಮೇಲಿತ್ತು. ಮನೇಲಿ ಯಾರಿಗೂ ಕೆಮ್ಮಿಲ್ಲ ಅಂತ ಬರೆದಿದೆ. ಹದಿನಾರು ದಿನಕ್ಕೆ ಒಂದೂವರೆ ಕೇಜಿ ಹೇಗ್ರೀ ಇಳಿಯುತ್ತೆ? ಏನು ಹಾಕ್ತಿದ್ರಿ ಮಗುವಿಗೆ?"

"ನಾನು ಸುಳ್ಳು ಹೇಳ್ತಿಲ್ಲ ಸಾರ್."

"ನೀವು ಹೇಳೋದು ನೆನಪು. ಇದು ದಾಖಲೆ."

ಚಾರ್ಟು ನಂಬಿ, ಇದು ಇದ್ದಕ್ಕಿದ್ದಂತೆ ಬಂದ ಮಿದುಳು ಜ್ವರ ಎಂದು ಅದಕ್ಕೆ ಔಷಧ ಶುರು ಮಾಡಿದರು. ಮಾರನೆಯ ದಿನ ಸಮಾಜ ಕಾರ್ಯಕರ್ತೆಯೊಬ್ಬಳು ಬಂದು, ಗಂಡನನ್ನು ಪಕ್ಕಕ್ಕೆ ಕರೆದು, ನಿಮ್ಮ ಹೆಂಡತಿ ಮಗುವನ್ನು ಉಪವಾಸ ಹಾಕುತ್ತಾಳೆಯೇ, ಹೊಡೆಯುತ್ತಾಳೆಯೇ ಎಂದು ವಿಚಾರಿಸಿಕೊಂಡು ಹೋದಳು. ಕೇಸ್ ಹಾಳೆಯ ಮೇಲೆ 'ತಾಯಿಯ ನಿರ್ಲಕ್ಷ್ಯ, ಶಂಕೆ' ಎಂದು ಬಿತ್ತು. ಆ ಗಂಡ ಅಲ್ಲಿಂದ ಹೆಂಡತಿಯ ಮುಖ ನೋಡುವುದನ್ನೇ ಬಿಟ್ಟನಂತೆ.

ಆ ಮಂಗಳವಾರವೇ ತೂಕದಕ್ಕ ವಾರ್ಡಿನ ಸುದ್ದಿ ಕೇಳಿ ನನ್ನ ಮೇಜಿನ ಹತ್ತಿರ ಬಂದು ನಿಂತಳು.

"ಟೈಪಮ್ಮ, ನಾನು ಹೋಗಿರ್ಲಿಲ್ಲ."

"ಎಲ್ಲಿಗೆ?" ಗೊತ್ತಿದ್ದೂ ಕೇಳಿದೆ.

"ಗುಂಡಮ್ಮನ ಮನೆಗೆ. ಹೋದ ತಿಂಗಳು ಬೀಗ ಹಾಕಿತ್ತು. ಈ ತಿಂಗಳು ಹೋಗೇ ಇಲ್ಲ. ಎರಡೂ ತೂಕ ನಾನೇ ಬರೆದದ್ದು. ಅವಳು ಎರಡು ತಿಂಗಳಿಂದ ಸೊರಗ್ತಾ ಇದ್ದದ್ದು ನಿಜ ಇರ್ಬೇಕು. ನಾನು ಹೋಗಿದ್ರೆ ಕೆಂಪಾಗ್ತಿತ್ತು ಅಲ್ವಾ? ಡಾಕ್ಟರ್ ಮನೆಗೇ ಹೋಗ್ತಿದ್ರು ಅಲ್ವಾ? ಈಗಲೇ ಹೋಗಿ ಮೇಡಂಗೆ ಹೇಳಿಬಿಡ್ಲಾ?"

ಹೇಳು ಎನ್ನಬೇಕಿತ್ತು. ನಡಿ, ನಾನೂ ಬರುತ್ತೇನೆ ಎನ್ನಬೇಕಿತ್ತು. ನಾನು ಯೋಚಿಸಿದ್ದು ಏನು ಗೊತ್ತೇ? ಇವಳು ಹೋಗಿ ಹೇಳಿದರೆ ಮೂಲ ಫಾರಂ ತೆಗೆಯುತ್ತಾರೆ, ಫಾರಂನಲ್ಲಿ 35, ಕಂಪ್ಯೂಟರಿನಲ್ಲಿ 36. ನನ್ನ ನಿವೃತ್ತಿಗೆ ಇನ್ನು ಮೂರು ವರ್ಷ.

"ತಡಿ, ದುಡುಕಬೇಡ" ಎಂದೆ. "ಅವರೇನು ಕಣ್ಣು ಮುಚ್ಚಿಕೊಂಡು ಔಷಧ ಕೊಡ್ತಾರಾ? ಅಷ್ಟೊಂದು ಡಾಕ್ಟರು ಇದ್ದಾರೆ, ಅವರಿಗೇ ಗೊತ್ತಾಗುತ್ತೆ. ಇನ್ನೊಂದು ಪೇಪರ್ ಇದೆಯಲ್ಲ ನಿಂಗೆ, ಬರೆದು ಮುಗಿಸು. ಆಮೇಲೆ ನೋಡೋಣ."

ಅವಳು ನನ್ನ ಮಾತು ನಂಬಿದಳು. ಬೈಯುವ ಬಾಯಿ ಅಪರೂಪಕ್ಕೆ ಮೆತ್ತಗೆ ಮಾತಾಡಿದರೆ ಯಾರಾದರೂ ನಂಬುತ್ತಾರೆ. ಮಂಗಳವಾರ ಹೋಯಿತು, ಬುಧವಾರ ಹೋಯಿತು.

ಗುರುವಾರ ಬೆಳಿಗ್ಗೆ ಅವಳಿಗೆ ಪರೀಕ್ಷೆ. ಪರೀಕ್ಷೆಗೆ ಹೋಗದೆ ನೇರ ವಾರ್ಡಿಗೆ ಹೋದಳು. ದೊಡ್ಡ ಮೇಡಂ ರೌಂಡ್ಸ್ ಮಾಡುತ್ತಿದ್ದರು, ಹಿಂದೆ ಹತ್ತು ಜನ. ಇವಳು ಎದುರಿಗೆ ನಿಂತು, "ಮೇಡಂ, ನೂರಾ ಹದಿನೇಳರ ಚಾರ್ಟು..." ಎಂದು ತಡವರಿಸುತ್ತಿದ್ದಂತೆ ಅವರು ತೋಳು ಹಿಡಿದು ಕಾರಿಡಾರಿಗೆ ಎಳೆದುಕೊಂಡು ಹೋದರು. ತಾಯಿಗೆ ಏನೂ ಕೇಳಿಸಲಿಲ್ಲ. ನರ್ಸು ಬಾಗಿಲ ಹಿಂದಿದ್ದಳು.

"ಕೊನೇ ಎರಡು ತೂಕ ಸುಳ್ಳು ಮೇಡಂ. ನಾನು ತೂಗದೆ ಬರೆದದ್ದು."

ಮೇಡಂ ಮುಖ ಸುಣ್ಣದಂತಾಯಿತಂತೆ. ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು. "ಅಜ್ಜಿಗೆ ಕೆಮ್ಮಿತ್ತಾ?"

"ಗೊತ್ತಿಲ್ಲ ಮೇಡಂ. ನಾನು ಕೇಳೇ ಇಲ್ಲ."

ಅವರು ತಿರುಗಿ ದಡದಡ ಹೋಗಿ ತಾಯಿಯ ಪಕ್ಕದಲ್ಲಿ ಸ್ಟೂಲು ಎಳೆದು ಕೂತರು. ಸೋಮವಾರದಿಂದ ಅವಳು ಹೇಳುತ್ತಿದ್ದುದನ್ನು ಮೊದಲ ಬಾರಿಗೆ ಪೂರ್ತಿ ಕೇಳಿಸಿಕೊಂಡರು. ಅಜ್ಜಿ ಆರು ವಾರ ಆ ಒಂದೇ ಕೋಣೆಯಲ್ಲಿ ಮಗುವನ್ನು ತಬ್ಬಿಕೊಂಡು ಮಲಗಿದ್ದಳು. ಹೋದ ವಾರವಷ್ಟೇ ದೊಡ್ಡ ಮಗಳ ಮನೆಗೆ ಹೋಗಿದ್ದಳು. ಕೆಮ್ಮಿದರೆ ಬಟ್ಟೆಗೆ ರಕ್ತ ಹತ್ತುತ್ತಿತ್ತು. ಅದೇ ಬೆಳಿಗ್ಗೆ ಎಕ್ಸ್‌ರೇ ಆಯಿತು, ಬೆನ್ನುಹುರಿಯ ನೀರು ತೆಗೆದರು. ಮಿದುಳಿಗೆ ಹತ್ತಿದ ಕ್ಷಯ. ಮಧ್ಯಾಹ್ನದ ಹೊತ್ತಿಗೆ ಸರಿಯಾದ ಔಷಧ ಶುರುವಾಯಿತು. ಡಾಕ್ಟರಾಗಿ ಆ ಹೆಂಗಸು ಅಂದು ಮಾಡಿದ್ದರಲ್ಲಿ ನಾನು ಒಂದು ತಪ್ಪೂ ತೆಗೆಯಲಾರೆ.

ಮಗು ಬದುಕಿತು. ಏಳು ವಾರ ವಾರ್ಡಿನಲ್ಲಿತ್ತು. ಎಡಗೈ ಮುಷ್ಟಿ ಬಿಚ್ಚುವುದಿಲ್ಲ, ಇನ್ನೇನೇನು ಹೋಗಿದೆ ಎಂದು ಮುಂದೆ ತಿಳಿಯಬೇಕು ಎಂದಳು ನರ್ಸು. ಸೋಮವಾರವೇ ಶುರು ಮಾಡಿದ್ದರೆ ಎಂದು ನಾನು ಕೇಳಿದೆ. "ಈ ಕಾಯಿಲೇಲಿ ಒಂದೊಂದು ದಿನವೂ ಲೆಕ್ಕ. ಆದ್ರೆ ಯಾವ ದಿನ ಏನು ಹೋಯ್ತು ಅಂತ ಯಾರು ಹೇಳ್ತಾರೆ?" ಎಂದಳು. ಅವಳಿಗೆ ನನ್ನ ಮಂಗಳವಾರದ ವಿಷಯ ಗೊತ್ತಿರಲಿಲ್ಲ. ಅಂದು ನಾನು ಮನೆಗೆ ಹೋಗಿ ಬಚ್ಚಲ ನಲ್ಲಿ ಬಿಟ್ಟುಕೊಂಡು ಅತ್ತೆ. ಗಂಡ ಹೊರಗಿನಿಂದ "ನೀರು ಖಾಲಿಯಾಗುತ್ತೆ ಕಣೇ" ಎಂದು ಕೂಗುತ್ತಿದ್ದರು.

ಡಾಕ್ಟರಾಗಿ ಅಷ್ಟು ನೆಟ್ಟಗಿದ್ದ ಮೇಡಂ ಅಧ್ಯಯನದ ವಿಷಯಕ್ಕೆ ಬಂದಾಗ ಬೇರೆಯೇ ಆದರು. ನನ್ನನ್ನು ಕೋಣೆಗೆ ಕರೆದು, ಕಣ್ಣು ಎತ್ತದೆ, "ನೂರಾ ಹದಿನೇಳನ್ನ ತೆಗೀರಿ. ಕಾರಣಕ್ಕೆ ನಾಲ್ಕು ಹಾಕಿ" ಎಂದರು. ಮಗು ಅಧ್ಯಯನ ಬಿಟ್ಟ ಕಾರಣಕ್ಕೆ ನಮ್ಮಲ್ಲಿ ಅಂಕಿಗಳಿವೆ. ನಾಲ್ಕು ಎಂದರೆ 'ಕುಟುಂಬ ಊರು ಬಿಟ್ಟಿದೆ'. ಆ ಕುಟುಂಬ ಆಗ ನಮ್ಮ ತಲೆಯ ಮೇಲಿನ ಮಹಡಿಯ ವಾರ್ಡಿನಲ್ಲೇ ಇತ್ತು. ನಾನು ತುಟಿಪಿಟಕ್ಕೆನ್ನದೆ ನಾಲ್ಕು ಒತ್ತಿದೆ. ಕೇಸ್ ಹಾಳೆಯ ಮೇಲಿನ 'ತಾಯಿಯ ನಿರ್ಲಕ್ಷ್ಯ' ಹಾಗೆಯೇ ಉಳಿಯಿತು. ಅದನ್ನು ಹೊಡೆದುಹಾಕಬೇಕಾದರೆ ಯಾಕೆ ಎಂದು ಬರೆಯಬೇಕಿತ್ತು.

ತೂಕದಕ್ಕನನ್ನು ತೆಗೆದುಹಾಕಿದರು. ಕಾಲೇಜಿಗೂ ಪತ್ರ ಹೋಯಿತು. ಅವಳ ಉಳಿದ ನಲವತ್ತೊಂಬತ್ತು ಮಕ್ಕಳನ್ನು ಬೇರೆಯವರಿಂದ ಮತ್ತೆ ತೂಗಿಸಿದರು. ಒಂದು ಅಂಕಿಯೂ ತಪ್ಪಿರಲಿಲ್ಲ. ಎರಡು ವರ್ಷ ಬಿಸಿಲಲ್ಲಿ ಅಲೆದು ಅವಳು ಬರೆದ ಸಾವಿರಾರು ಅಂಕಿಗಳಲ್ಲಿ ಸುಳ್ಳು ಎರಡೇ, ಎರಡೂ ಒಂದೇ ಮಗುವಿನವು.

ಯಂತ್ರದ ಚೀಲ ಒಪ್ಪಿಸಲು ಬಂದ ದಿನ ನನ್ನ ಮೇಜಿನ ಹತ್ತಿರ ಒಂದು ನಿಮಿಷ ನಿಂತಳು. ಹೆಗಲು ಖಾಲಿಯಾಗಿತ್ತು.

"ನಾನು ಮೂವತ್ತೈದು ಬರೆದಿದ್ದೆ ಟೈಪಮ್ಮ. ಚಾರ್ಟಲ್ಲಿ ಮೂವತ್ತಾರು ಇತ್ತು."

"ಮೇಡಂಗೆ ಹೇಳಿದ್ಯಾ?"

"ಇಲ್ಲ."

"ಯಾಕೆ?"

"ಅವರು ಕೇಳ್ಲಿಲ್ಲ. ನಂಗೂ ಹೇಳೋಕೆ ಮನಸ್ಸು ಬರ್ಲಿಲ್ಲ. ಬರೆದವಳು ನಾನೇ ಅಲ್ವಾ?" ಆಮೇಲೆ, "ಇವತ್ತು ಅವರ ಮನೆಗೆ ಹೋಗ್ತಿದ್ದೀನಿ. ಡಿಸ್ಚಾರ್ಜ್ ಆಗಿದೆ. ಆ ತಾಯಿಗೆ ಯಾರೂ ಹೇಳಿಲ್ಲ" ಎಂದಳು.

ನಾನು ಕಂಪ್ಯೂಟರು ಆರಿಸಿದೆ. "ಇರು, ಚಪ್ಪಲಿ ಹಾಕ್ಕೊಂಡು ಬರ್ತೀನಿ" ಎಂದೆ. ಧೈರ್ಯ ಬಂದು ಹೊರಟದ್ದಲ್ಲ. ಮಗಳ ವಯಸ್ಸಿನವಳು ನನ್ನ ತಪ್ಪನ್ನೂ ಹೊಟ್ಟೆಗೆ ಹಾಕಿಕೊಂಡು ಒಬ್ಬಳೇ ಹೋಗುತ್ತಿದ್ದುದನ್ನು ನೋಡಿಕೊಂಡು ಕೂರಲಾಗಲಿಲ್ಲ.

ಕಬ್ಬಿಣದ ಮೆಟ್ಟಿಲು ಹತ್ತುವಾಗ ಕೆಳಗೆ ಟೈರಿಗೆ ಸುತ್ತಿಗೆ ಬೀಳುತ್ತಿತ್ತು, ಅದಕ್ಕೆ ಮೆಟ್ಟಿಲೆಲ್ಲ ನಡುಗುತ್ತಿತ್ತು. ಬಾಗಿಲು ತೆರೆದೇ ಇತ್ತು. ತಾಯಿ ಗೋಡೆಗೆ ಒರಗಿ ಕೂತಿದ್ದಳು, ಪಕ್ಕದಲ್ಲಿ ಚಾಪೆಯ ಮೇಲೆ ಮಗು ಮಲಗಿತ್ತು. ಕತ್ತು, ಕಾಲರ್ ಮೂಳೆ, ಪಕ್ಕೆಲುಬು ಎಲ್ಲ ಎಣಿಸುವಂತಿತ್ತು. ನಾನೂರು ಮಕ್ಕಳಲ್ಲಿ ನಾನು ಕಣ್ಣಾರೆ ಕಂಡ ಮೊದಲನೆಯದು ಅದೇ. ಗಂಡ ಕಿಟಕಿಯ ಕಟ್ಟೆಯ ಮೇಲೆ ಕೂತು ಬಣ್ಣದ ಬ್ರಷ್ ಒರೆಸುತ್ತಿದ್ದ.

"ತೂಕದಕ್ಕ" ಎಂದಳು ತಾಯಿ, ಏಳಲು ಹೋದಳು. ಹುಡುಗಿ ಅವಳನ್ನು ಏಳಗೊಡದೆ ಎದುರಿಗೆ ಮಂಡಿಯೂರಿದಳು. ಮಗು ನಿದ್ದೆಯಲ್ಲಿದೆ ಎಂದು ಪಿಸುಮಾತಿನಲ್ಲೇ ಎಲ್ಲ ಹೇಳಿದಳು. ಸುತ್ತುಬಳಸಲಿಲ್ಲ, ಬೋರ್ಡಿನ ವಿಷಯ ಎತ್ತಲಿಲ್ಲ, ಪರೀಕ್ಷೆಯ ವಿಷಯ ಎತ್ತಲಿಲ್ಲ. ಬರಲಿಲ್ಲ, ಬಂದೆ ಎಂದು ಬರೆದೆ, ನಿಮ್ಮ ಮಾತನ್ನು ಅವರು ನಂಬದೇ ಹೋದದ್ದು ನನ್ನಿಂದ.

ತಾಯಿ ಹೇಳಿದ್ದು ಇಷ್ಟು. "ಆ ದಿನ ನಾನು ಲಾಂಡ್ರಿಗೆ ರಜೆ ಹಾಕಿದ್ದೆ. ನೀವು ಬರೋ ದಿನ ಅಂತ. ಇವಳಿಗೆ ಸ್ನಾನ ಮಾಡಿಸಿ ಮೆಟ್ಟಿಲ ಮೇಲೆ ಕೂತಿದ್ದೆ, ಸಂಜೆವರೆಗೂ. ಯಾಕೆ ಹೀಗೆ ಸೊರಗ್ತಾಳೆ ಅಂತ ನಿಮ್ಮನ್ನೇ ಕೇಳೋಣ ಅಂತ."

ಹುಡುಗಿ ತಲೆ ನೆಲಕ್ಕೆ ಬಗ್ಗಿಸಿದಳು.

"ಆಸ್ಪತ್ರೇಲಿ ಅಷ್ಟು ಜನ ಹೇಳಿದಾಗ ನಂಗೇ ಅನುಮಾನ ಬಂತು. ನಾನೇ ಮರೆತಿದ್ದೀನೇನೋ, ನಾನೇ ಸರಿಯಾಗಿ ಹಾಕಿಲ್ವೇನೋ ಅಂತ. ನಾನೇ ನನ್ ಮಗೂನ ಹೀಗೆ ಮಾಡಿದೆ ಅಂತ ಒಪ್ಪಿಕೊಂಡುಬಿಟ್ಟಿದ್ದೆ." ಆಮೇಲೆ ನನ್ನತ್ತ ತಿರುಗಿದಳು. "ನೀವ್ಯಾರು?"

ನಾನು ಯಾರು? "ಅವಳು ಬರೆದದ್ದು ಸುಳ್ಳು ಅಂತ ಅವತ್ತೇ ನಂಗೆ ಗೊತ್ತಾಗಿತ್ತಮ್ಮ. ಕಂಪ್ಯೂಟರ್ ಬೇಡ ಅಂದ್ರೂ ತಿದ್ದಿ ಹಾಕಿದವಳು ನಾನು. ಆಮೇಲೆ ಇವಳು ಹೇಳಿಬಿಡ್ತೀನಿ ಅಂದಾಗ, ಎರಡು ದಿನ ತಡಿ ಅಂದವಳೂ ನಾನೇ."

ಕಿಟಕಿಯ ಹತ್ತಿರ ಬ್ರಷ್ ಒರೆಸುವ ಕೈ ನಿಂತಿತ್ತು. ಆದರೂ ಅವನು ಮುಖ ಹೊರಗೆ ಹಾಕಿಯೇ ಕೂತಿದ್ದ, ತನಗೆ ಸಂಬಂಧವೇ ಇಲ್ಲ ಎನ್ನುವ ಹಾಗೆ. ತಾಯಿ ಅವನನ್ನು ನೋಡಿದಳು, ನಮ್ಮನ್ನು ನೋಡಿದಳು. ಎದ್ದು ಡಬ್ಬದಿಂದ ಒಂದು ಹಾಳೆ, ಒಂದು ಪೆನ್ನು ತೆಗೆದುಕೊಂಡು ಬಂದಳು.

"ಬರೆದುಕೊಡಿ. ಈಗ ಹೇಳಿದ್ದನ್ನೆಲ್ಲ. ನನ್ ಬಾಯಿಮಾತು ಯಾರೂ ನಂಬಲ್ಲ, ಕಾಗದ ಆದ್ರೆ ನಂಬ್ತಾರೆ."

ಅದನ್ನು ಕೊಟ್ಟರೆ ಏನಾಗುತ್ತದೆ ಎಂದು ನನಗೂ ಗೊತ್ತಿತ್ತು, ಹುಡುಗಿಗೂ ಗೊತ್ತಿತ್ತು. ನಾಲ್ಕು ಎಂದು ಒತ್ತಿದ ಸುಳ್ಳೂ ಹೊರಗೆ ಬರುತ್ತದೆ, ಮೇಡಂ ಅಧ್ಯಯನವೂ ಹೋಗುತ್ತದೆ, ನನ್ನ ಇಪ್ಪತ್ತೇಳು ವರ್ಷವೂ. ಹುಡುಗಿ ಹಾಳೆಯನ್ನು ನೆಲದ ಮೇಲಿಟ್ಟು ಬರೆದಳು. ನಾನು ಹೇಳಿದ್ದನ್ನೂ ಒಂದೂ ಬಿಡದೆ ಬರೆದಳು. ಅವಳು ಸಹಿ ಹಾಕಿದಳು, ಕೆಳಗೆ ನಾನು ಹಾಕಿದೆ. ಟೈಪಿಸಿ ಟೈಪಿಸಿ ಕೈ ಬರಹ ಮರೆತಿತ್ತು, ಸಹಿ ಸೊಟ್ಟಗೆ ಬಿತ್ತು.

"ಓದಿ" ಎಂದಳು ತಾಯಿ. "ಇವರಿಗೆ ಕೇಳಿಸಲಿ."

ಹುಡುಗಿ ಹಾಳೆ ಎತ್ತಿಕೊಂಡಳು. ಚಾಪೆಯ ಕಡೆ ಒಮ್ಮೆ ನೋಡಿ, ಮಗುವಿಗೆ ಎಚ್ಚರವಾದೀತು ಎಂದು ತಗ್ಗಿದ ದನಿಯಲ್ಲಿ ಶುರು ಮಾಡಿದಳು. ಕೆಳಗಿನ ಸುತ್ತಿಗೆಯ ಸದ್ದಿನಲ್ಲಿ ಪಕ್ಕದಲ್ಲಿದ್ದ ನನಗೇ ಅರ್ಧ ಕೇಳಿಸಲಿಲ್ಲ.

"ಜೋರಾಗೇ ಓದಿ" ಎಂದಳು ತಾಯಿ. "ಅವಳಿಗೆ ಎಚ್ಚರ ಆಗಲ್ಲ. ಕಿವಿ ಎರಡೂ ಹೋಗಿದೆ."